ಬೆರಳಿಗೆ ಒಗ್ಗಿದ ಯಂತ್ರ

ಲ್ಯಾಪ್‌ಟಾಪಿನ ಕೀಲಿಮಣೆಯ ಕೆಳಗೆ ಒಂದು ನುಣುಪಾದ ಜಾಗವಿರುತ್ತದೆ. ಅದೇ ಟಚ್‌ಪ್ಯಾಡ್. ಅದರ ಮೇಲೆ ಬೆರಳಾಡಿಸಿದರೆ ಪರದೆಯ ಮೇಲಿನ ಬಾಣ ಓಡಾಡುತ್ತದೆ. ಆದರೆ ಗುದ್ದಲಿ, ಕುಡುಗೋಲು ಹಿಡಿದು ಜಡ್ಡುಗಟ್ಟಿದ ಬೆರಳನ್ನು ಅದು ಕೆಲವೊಮ್ಮೆ ಗುರುತಿಸುವುದಿಲ್ಲ. ಆಗ ನಮ್ಮೂರ ಹಿರಿಯರು "ನಮ್ಮಂತೋರ್ಗಲ್ಲ ಬುಡಪ್ಪ ಇದು" ಎಂದು ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. ಕೊರತೆ ಬೆರಳಿನದೋ, ಯಂತ್ರದ್ದೋ?

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಮೌಸನ್ನು ಸಭೆಯ ಮುಂದೆ ಪ್ರದರ್ಶಿಸಿದರು. 1994ರಲ್ಲಿ ಆಪಲ್ ಕಂಪನಿಯ ಪವರ್‌ಬುಕ್ 500 ಲ್ಯಾಪ್‌ಟಾಪುಗಳು ಟಚ್‌ಪ್ಯಾಡಿನೊಂದಿಗೆ ಬಂದವು. ಬೆರಳು ತಾಗಿದಾಗ ಪ್ಯಾಡಿನ ಅಡಿಯ ತಂತಿಜಾಲದ ವಿದ್ಯುದಂಶ ಬದಲಾಗುತ್ತದೆ. ಒಣಗಿ ದಪ್ಪವಾದ ಚರ್ಮದಲ್ಲಿ ಈ ಬದಲಾವಣೆ ಕಡಿಮೆ. ಎಷ್ಟು ಬದಲಾದರೆ 'ಬೆರಳು ತಾಗಿತು' ಎಂದು ತಿಳಿಯಬೇಕೆಂಬುದನ್ನು ತಂತ್ರಾಂಶ ಬರೆದವರು ನಿಗದಿ ಮಾಡಿರುತ್ತಾರೆ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನಲ್ಲಿ ಈ ಗಡಿಯನ್ನು ಬಳಸುವವರೇ ಬದಲಿಸಬಹುದಾಗಿತ್ತು. ಅಲ್ಲಿನ 'ಸಿನಾಪ್ಟಿಕ್ಸ್' ಡ್ರೈವರಿಗೆ ಫಿಂಗರ್‌ಲೋ, ಫಿಂಗರ್‌ಹೈ ಎಂಬ ಎರಡು ಅಂಕಿಗಳಿದ್ದವು. ಉದಾಹರಣೆಗೆ, ಒತ್ತಡ 30 ದಾಟಿದರೆ ಬೆರಳು ತಾಗಿದಂತೆ, 25ಕ್ಕಿಂತ ಇಳಿದರೆ ಎದ್ದಂತೆ. ಅಂಕಿ ಇಳಿಸಿದರೆ ಹಗುರ ಸ್ಪರ್ಶವೂ ಸಾಕಾಗುತ್ತಿತ್ತು. ಆದರೆ ಇದನ್ನು ಕಡತವೊಂದರಲ್ಲಿ ಕೈಯಾರೆ ಬರೆಯಬೇಕಿತ್ತು. ಅಕ್ಷರ ತಪ್ಪಿದರೆ ಪರದೆಯೇ ಮೂಡದಿರುವ ಸಂಭವವಿತ್ತು.

2014ರ ಹೊತ್ತಿಗೆ 'ಲಿಬ್‌ಇನ್‌ಪುಟ್' ರೂಪುಗೊಂಡಿತು. ಈಗ ಸೆಟ್ಟಿಂಗ್ಸ್‌ನಲ್ಲೇ ಬಾಣದ ವೇಗ, ತಟ್ಟಿದರೆ ಕ್ಲಿಕ್, ಎರಡು ಬೆರಳಿನಿಂದ ಪುಟ ಸರಿಸುವುದು, ಎಡಗೈಯವರಿಗೆ ಬಟನ್ ಅದಲುಬದಲು ಎಲ್ಲವೂ ಸಿಗುತ್ತವೆ. ಒತ್ತಡದ ಗಡಿಯನ್ನು ಮಾತ್ರ ಇಂದಿಗೂ ಕಡತದಲ್ಲೇ ಬರೆಯಬೇಕು. ನಮ್ಮ ಬೆರಳಿನ ಒತ್ತಡವನ್ನು ಅಳೆಯುವ ಆದೇಶವೂ ಅದರಲ್ಲಿದೆ.

ಇಂಥದೇ ಚಿಂತನೆ ನಮ್ಮ ರಾಜ್ಯದಲ್ಲೂ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು 2001ರಲ್ಲಿ 'ಸಿಂಪ್ಯೂಟರ್' ಎಂಬ ಅಂಗೈ ಕಂಪ್ಯೂಟರನ್ನು ಹೊರತಂದರು. ಅದು ನಡೆಯುತ್ತಿದ್ದುದು ಲಿನಕ್ಸ್‌ನಲ್ಲಿ. ಕೀಲಿಮಣೆ, ಮೌಸ್ ಬೇಕಿರಲಿಲ್ಲ, ಪರದೆಯನ್ನು ಕಡ್ಡಿಯಿಂದ ಮುಟ್ಟಿದರೆ ಸಾಕಿತ್ತು. ಓದುಬರಹ ಬಾರದವರಿಗೂ ಕಂಪ್ಯೂಟರ್ ಒದಗಬೇಕೆಂಬುದು ಅವರ ಆಶಯ. ಮಾರುಕಟ್ಟೆಯಲ್ಲಿ ಅದು ಹೆಚ್ಚು ಕಾಲ ನಿಲ್ಲಲಿಲ್ಲ, ಆದರೆ ಆ ಆಶಯ ಇಂದಿಗೂ ನಮ್ಮ ಮುಂದಿದೆ.

ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ನಮ್ಮ ಶಾಲೆಯ ಮಕ್ಕಳಲ್ಲಿ ಒಂದು ಕೋರಿಕೆ. ಅಜ್ಜ, ಅವ್ವಂದಿರ ಬೆರಳಿಗೆ ಬಾಣ ಕದಲದಿದ್ದರೆ ಮೊದಲು ಕೈ ತೇವದ ಬಟ್ಟೆಯಲ್ಲಿ ಒರೆಸಿಕೊಳ್ಳಲು ಹೇಳಿ. ವೇಗ ಹೊಂದಿಸಿ, 'ತಟ್ಟಿದರೆ ಕ್ಲಿಕ್' ಆಯ್ಕೆಯನ್ನು ಅವರ ಅನುಕೂಲ ನೋಡಿ ಇಡಿ. ಆಗಲೂ ಆಗದಿದ್ದರೆ ಒಂದು ಮೌಸ್ ಜೋಡಿಸಿಕೊಡಿ.