ಪೆಟ್ರೋಲ್ ಬದಲಾತು, ಜೆಟ್ ಬದಲಾಗಲಿಲ್ಲ

ಹೋದ ವರ್ಷ ಹತ್ತಿ ಕಾಯಿ ಕಟ್ಟೋ ಹೊತ್ತಿನಾಗ ನಮ್ಮ ಪವರ್ ಸ್ಪ್ರೇಯರ್ ಕೈಕೊಟ್ಟಿತು. ಹಗ್ಗ ಜಗ್ಗಿ ಜಗ್ಗಿ ರಟ್ಟಿ ಬಿದ್ದು ಹೋತು. ಚೋಕ್ ಹಾಕಿದ್ರ ಚಾಲೂ ಆಗ್ತದ, ಚೋಕ್ ತೆಗದ್ರ ಸಾಯ್ತದ. ಪ್ಲಗ್ ಹೊಸದು ಹಾಕಿದೆ, ಅಷ್ಟೇ ಹಾಡು. ಅಂಗಡಿಗೆ ಒಯ್ದೆ, "ಇದು ಮುಗೀತ್ರೀ, ಹೊಸದು ತಗೋರಿ" ಅಂದ್ರು. ಹತ್ತು ಸಾವಿರದ ಮಾತು. ಆ ತಿರುಗಾಟದಾಗ ನಾಲ್ಕು ದಿನ ಹೋತು. ಗುಲಾಬಿ ಹುಳ ಒಮ್ಮೆ ಕಾಯಿಯೊಳಗ ಸೇರಿದ್ರ ಆಮೇಲೆ ಎಷ್ಟು ಎಣ್ಣಿ ಹೊಡದ್ರೂ ಅದಕ್ಕ ತಾಕಂಗಿಲ್ಲ ಅನ್ನೋದು ಹತ್ತಿ ಬೆಳೆಯೋರಿಗೆ ಹೇಳಬೇಕಾಗಿಲ್ಲ.

ಕಡೀಗೆ ಊರಾಗಿನ ಹಳೇ ಮೆಕ್ಯಾನಿಕ್ ಕಾಕಾನ ಹತ್ರ ಹೋದೆ. ಕಣ್ಣು ಮಂಜಾಗ್ಯಾವ, ಕೆಲಸ ಬಿಟ್ಟು ವರ್ಷಗಳಾಗ್ಯಾವ. ಕಾರ್ಬೇಟರಿನ ಕೆಳಗಿನ ಬಟ್ಟಲು ಬಿಚ್ಚಿ ನನಗ ತೋರಿಸಿದ. ತಳದಾಗ ಪೆಟ್ರೋಲಿನ ಕೆಳಗ ಬ್ಯಾರೆನೇ ಒಂದು ನೀರಿನಂಥದ್ದು ನಿಂತಿತ್ತು. ಜೆಟ್ ತೂತು ಬಿಳೀ ಪುಡಿ ಕಟ್ಟಿ ಮುಚ್ಚಿತ್ತು. ಅರ್ಧ ತಾಸಿನಾಗ ಮಷೀನ್ ಚಾಲೂ. "ತಮ್ಮಾ, ಮಷೀನ್ ಕೆಟ್ಟಿಲ್ಲ. ಎಣ್ಣಿ ಬದಲಾಗ್ಯದ" ಅಂದ. ಆ ಮಾತು ಹಿಡಕೊಂಡು ಹೋದಾಗ ಸಿಕ್ಕ ಇತಿಹಾಸ ಇದು.

ಕಾರ್ಬೇಟರ್ ಅಂದ್ರ ಏನು? ನಾವು ಬೆನ್ನಿಗೆ ಕಟ್ಟೋ ಸ್ಪ್ರೇಯರಿನೊಳಗ ಇರೋ ಇನ್ನೊಂದು ಸಣ್ಣ ಸ್ಪ್ರೇಯರ್. ಎಂಜಿನ್ ಗಾಳಿ ಎಳೆಯುವಾಗ ಕಿರಿದಾದ ದಾರಿಯಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕಡಿಮೆಯಾಗುತ್ತದೆ. ಆಗ ಬಟ್ಟಲಿನ ಪೆಟ್ರೋಲ್ ಜೆಟ್ಟಿನ ಮೂಲಕ ತಾನೇ ಮೇಲೆದ್ದು ತುಂತುರಾಗುತ್ತದೆ. ಮೊದಮೊದಲು ಹಿಂಗ ಇರಲಿಲ್ಲ. ಪೆಟ್ರೋಲಿನ ಮೇಲ್ಮೈ ಮ್ಯಾಲಿಂದ ಗಾಳಿ ಹಾಯಿಸಿ, ಅದರ ಆವಿಯಿಂದ ಎಂಜಿನ್ ಓಡಿಸುತ್ತಿದ್ದರು. 1888ರಲ್ಲಿ ಬರ್ತಾ ಬೆಂಜ್ ಎಂಬ ಹೆಣ್ಣುಮಗಳು ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕರಕೊಂಡು ಜರ್ಮನಿಯ ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಕಾರು ಓಡಿಸಿದ್ದು ಅಂಥಾ ಎಂಜಿನ್ನಿನಾಗೇ. ದಾರಿಯಲ್ಲಿ ಇಂಧನದ ನಳಿಕೆ ಕಟ್ಟಿದಾಗ ಆಕೆ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಎಣ್ಣಿ ಸಿಕ್ಕಿದ್ದು ಔಷಧಿ ಅಂಗಡಿಯಾಗ! ಜಗತ್ತಿನ ಮೊದಲ ದೂರದ ಕಾರು ಪ್ರಯಾಣದಲ್ಲೇ ನಮ್ಮ ರೋಗ ಇತ್ತು ನೋಡ್ರಿ. ತುಂತುರು ಮಾಡೋ ಜೆಟ್ ಬಂದದ್ದು 1893ರ ಸುಮಾರಿಗೆ. ಜರ್ಮನಿಯ ಮೇಬ್ಯಾಕ್, ಹಂಗೇರಿಯ ಬಾಂಕಿ ಮತ್ತು ಚೋಂಕಾ ಬೇರೆಬೇರೆಯಾಗಿ ಅದನ್ನು ಮಾಡಿದರು.

ನಮ್ಮ ಕಡೆ ಅದು ಹೊಲಕ್ಕ ಬರೋದು ಬಾಳ ತಡ ಆತು. ಗೋಗಿ ನಿಜಾಮನ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲಾದಾಗ ಇದ್ದ ಕಾಲಕ್ಕ ಎತ್ತು ಕಟ್ಟಿ ಚರ್ಮದ ಚೀಲದಿಂದ ಬಾವಿ ನೀರು ಎತ್ತೋದೇ ಹೆಚ್ಚು. 1982ರಲ್ಲಿ ನಾರಾಯಣಪುರ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆ ನೀರು ಸುರಪುರ, ಶಹಾಪುರದ ಕಡೆ ಬಂದ ಮ್ಯಾಲೆ ಲೆಕ್ಕ ಬದಲಾತು. ಕಾಲುವೆಯಿಂದ, ಹಳ್ಳದಿಂದ ಮ್ಯಾಲಿನ ಹೊಲಕ್ಕ ನೀರು ಎತ್ತಬೇಕು, ಕರೆಂಟ್ ಇಲ್ಲ. ಅದೇ ದಶಕದಲ್ಲಿ ಸಣ್ಣ ಎಂಜಿನ್‌ಗಳ ಮಾರುಕಟ್ಟೆ ದೇಶದಲ್ಲಿ ಬೆಳೆಯಿತು. ಶ್ರೀರಾಮ್ ಮತ್ತು ಜಪಾನಿನ ಹೋಂಡಾ ಸೇರಿ ಅದಕ್ಕಂತಲೇ ಕಂಪನಿ ಕಟ್ಟಿದ್ದು 1985ರಲ್ಲಿ. ಪೆಟ್ರೋಲಿನಲ್ಲಿ ಚಾಲೂ ಆಗಿ ಚಿಮಣಿ ಎಣ್ಣಿಯಲ್ಲಿ ಓಡೋ ಪಂಪ್‌ಸೆಟ್ ಬಂದವು.

ಅವುಗಳ ಶಿಸ್ತು ನಮ್ಮ ಹಿರಿಯರಿಗೆ ಬಾಯಿಪಾಠ ಇತ್ತು. ಪೆಟ್ರೋಲ್ ಮ್ಯಾಲೆ ಚಾಲೂ ಮಾಡು, ಎಂಜಿನ್ ಬಿಸಿ ಆಗಲಿ, ಆಮೇಲೆ ಕಾಕ್ ತಿರುವಿ ಚಿಮಣಿ ಎಣ್ಣಿಗೆ ಹೋಗು. ಬಂದ್ ಮಾಡೋಕ್ಕಿಂತ ಮೊದಲು ಮತ್ತ ಪೆಟ್ರೋಲಿಗೆ ಬಾ. ಇದನ್ನ ಮರೆತವ ಮರುದಿನ ಮುಂಜಾನೆ ಹಗ್ಗ ಜಗ್ಗಿಕೋತ ಕೂಡಬೇಕಾಗ್ತಿತ್ತು. ಯಾಕಂದ್ರ ಚಿಮಣಿ ಎಣ್ಣಿ ತಣ್ಣಗಿನ ಎಂಜಿನ್ನಿನಲ್ಲಿ ಆವಿ ಆಗೋದಿಲ್ಲ; ಬಟ್ಟಲು ಅದರಿಂದಲೇ ತುಂಬಿದ್ದರೆ ಕಿಡಿ ಬಿದ್ದರೂ ಹೊತ್ತೋದಿಲ್ಲ. ಆ ಕಾಲದ ಮೆಕ್ಯಾನಿಕ್ ಕಲಿತದ್ದು ಹಿಂಗ: ಹೊಗಿ ನೋಡಿ, ವಾಸನೆ ನೋಡಿ, ಸಪ್ಪಳ ಕೇಳಿ. ಶಾಲಿ ಇಲ್ಲ, ಪುಸ್ತಕ ಇಲ್ಲ. ಆಮೇಲೆ ರೇಷನ್ನಿನ ನೀಲಿ ಎಣ್ಣಿ ಕ್ರಮೇಣ ಕಡಿಮೆ ಆತು, ಕರೆಂಟಿನ ಮೋಟರ್ ಬಂದವು. ಆ ಪಂಪ್‌ಗಳು ಹಾಳುಮನಿಯ ಮೂಲಿ ಸೇರಿದವು.

ಎರಡನೇ ಎಣ್ಣಿ ಕಥಿ ಆಲ್ಕೋಹಾಲಿಂದು. ಪೆಟ್ರೋಲಿಗೆ ಕಬ್ಬಿನ ಸ್ಪಿರಿಟ್ ಬೆರೆಸೋದು ಹೊಸದಂತ ತಿಳಕೊಂಡೀವಿ, ಅದು ಹೊಸದಲ್ಲ. 1948ರಲ್ಲೇ ದೇಶದಲ್ಲಿ ಪವರ್ ಆಲ್ಕೋಹಾಲ್ ಕಾಯ್ದೆ ಆಗಿತ್ತು. 2003ರಲ್ಲಿ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇ. 5 ಬೆರೆಸಲು ಶುರುಮಾಡಿದರು. 2022ಕ್ಕೆ ಶೇ. 10 ಆತು. ಶೇ. 20ರ ಪೆಟ್ರೋಲ್ ಬಿಡುಗಡೆ ಆದದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಾಗೇ. ಕಬ್ಬು ಬೆಳೆಯೋ ರೈತನಿಗೆ ಇದರಿಂದ ಅನುಕೂಲ ಅದ, ಅದನ್ನ ಅಲ್ಲಗಳೆಯಂಗಿಲ್ಲ.

ಆದ್ರ ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಒಂದು ಮಿತಿ ದಾಟಿದರೆ ನೀರೂ ಎಥನಾಲೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಜೆಟ್ ಇರೋದೂ ತಳದಾಗೇ. ದಿನಾ ಓಡೋ ಬೈಕಿಗೆ ಇದು ಹತ್ತಂಗಿಲ್ಲ. ವರ್ಷಕ್ಕ ಎರಡು ತಿಂಗಳು ದುಡಿದು ಹತ್ತು ತಿಂಗಳು ಮೂಲ್ಯಾಗ ಕೂಡೋ ಸ್ಪ್ರೇಯರಿಗೆ ಹತ್ತುತದ. ಹಳೇ ರಬ್ಬರ್ ಸೀಲು, ಕಳೆ ಮಷೀನಿನ ಡಯಾಫ್ರಮ್ ಗಡಸಾಗ್ತಾವ. ಇನ್ನೊಂದು ಲೆಕ್ಕ: 1 ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಹಂಗಾಗಿ ಹಳೇ ಅಳತಿ ಜೆಟ್ಟಿನಾಗ ಹೊಸ ಎಣ್ಣಿ ಸ್ವಲ್ಪ ಕಮ್ಮಿ ಬಿದ್ದಂಗಾಗ್ತದ, ಎಂಜಿನ್ ಹೆಚ್ಚು ಕಾಯ್ತದ. ಅಮೆರಿಕದಾಗ ಚಳಿಗಾಲ ಮುಗಿದು ಹುಲ್ಲು ಕತ್ತರಿಸೋ ಮಷೀನ್ ಹೊರಗ ತೆಗೆದಾಗ ಅಲ್ಲಿಯವರಿಗೂ ಇದೇ ಗೋಳು.

ಇದರ ನಡುವ ಇನ್ನೊಂದು ಆತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದು ಹೊಸ ಬೈಕುಗಳಿಂದ ಕಾರ್ಬೇಟರ್ ಹೋಯಿತು, ಇಂಜೆಕ್ಷನ್ ಬಂತು. ಹೊಸ ಹುಡುಗರು ಅದನ್ನೇ ಕಲೀತಾರ, ತಪ್ಪಲ್ಲ. ಆದ್ರ ಕಾರ್ಬೇಟರ್ ಕಡೀಗೆ ಉಳಿದದ್ದು ನಮ್ಮ ಬೆನ್ನ ಮ್ಯಾಲೆ. ಎಣ್ಣಿ ಬದಲಾಗೋ ಹೊತ್ತಿಗೇ ಅದನ್ನ ಬಲ್ಲವರು ಕಮ್ಮಿ ಆದ್ರು. ಅದಕ್ಕೇ "ಹೊಸದು ತಗೋರಿ" ಅನ್ನೋ ಮಾತು.

ಕಾಕಾ ಹೇಳಿಕೊಟ್ಟದ್ದು ಇಷ್ಟು. ಚೋಕಿನಾಗಷ್ಟೇ ಓಡಿದ್ರ ಮೊದಲು ಜೆಟ್ ನೋಡು. ಬಟ್ಟಲಿನಿಂದ ಎಣ್ಣಿ ಸೋರಿದ್ರ ಫ್ಲೋಟ್ ಮತ್ತು ಸೂಜಿ ವಾಲ್ವ್ ನೋಡು. ಹತ್ತು ನಿಮಿಷ ಓಡಿ ನಿಂತ್ರ ಟ್ಯಾಂಕಿನ ಮುಚ್ಚಳದ ಗಾಳಿ ತೂತು ನೋಡು. ಜೆಟ್ಟಿಗೆ ಉಕ್ಕಿನ ಸೂಜಿ ಹಾಕಬ್ಯಾಡ. ಅದು ಹಿತ್ತಾಳಿ, ತೂತು ದೊಡ್ಡದಾಗ್ತದ. ವೈರಿನ ಒಂದು ಎಳೆ ತಾಮ್ರ ಸಾಕು. ಬಾಯಿಂದ ಊದಬ್ಯಾಡ, ಅದು ವಿಷ ಹೊಡೆಯೋ ಮಷೀನು. ಬಿಸಿ ಎಂಜಿನ್ ಹತ್ರ, ಬೀಡಿ ಹಚ್ಚಿಕೊಂಡು ಬಟ್ಟಲು ಬಿಚ್ಚಬ್ಯಾಡ. ಹಂಗಾಮು ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನೇ ಸಾಯೋತನಕ ಓಡಿಸಿ ಇಡು.

ಕಡೀ ಮಾತು ಹೊಸದಲ್ಲ ನೋಡ್ರಿ. ಬಂದ್ ಮಾಡೋಕ್ಕಿಂತ ಮೊದಲು ಬಟ್ಟಲಿನಾಗ ಏನದ ಅಂತ ವಿಚಾರ ಮಾಡೋದು ಚಿಮಣಿ ಎಣ್ಣಿ ಕಾಲದ್ದೇ ಶಿಸ್ತು. ಆ ಪಂಪ್ ಜೋಡಿ ಅದನ್ನೂ ನಾವು ಮೂಲಿಗೆ ಒಗದಿದ್ವಿ.

ಈ ಸಲ ಕಾಕಾನ ಮುಂದ ನಮ್ಮ ಹುಡುಗನ್ನ ಕೂಡಿಸೀನಿ. ಆತ ಹೇಳ್ತಾನ, ಇಂವ ಬಿಚ್ಚತಾನ. ನಿಮ್ಮ ಊರಾಗೂ ಅಂಥವರು ಒಬ್ಬರಾದ್ರೂ ಇರ್ತಾರ. ಹತ್ತಿಗೆ ಎಣ್ಣಿ ಹೊಡೆಯೋದು ಶುರು ಆಗೋಕ್ಕಿಂತ ಮೊದಲು ಒಮ್ಮೆ ಹೋಗಿ ಬರ್ರಿ.