ಮೇಷ್ಟರ ಜೇಬಿನ ಕಾರ್ಡುಗಳು

ಅಂಚೆ ಕಾರ್ಡೊಂದನ್ನು ಬರೆದು ನಿಮ್ಮಲ್ಲಿ ಅನೇಕರಿಗೆ ವರ್ಷಗಳೇ ಕಳೆದಿರಬೇಕು. ಶಾಂತಿನಿಕೇತನದ ಚಿತ್ರಕಾರ ನಂದಲಾಲ ಬೋಸರಿಗೆ (1882–1966) ಎಲ್ಲಿಗೆ ಹೋದರೂ ಖಾಲಿ ಕಾರ್ಡುಗಳನ್ನು ಜೊತೆಗೆ ಒಯ್ಯುವ ರೂಢಿಯಿತ್ತು. ದಾರಿಯಲ್ಲಿ ಕಂಡ ಮೇಕೆ, ತಾಳೆಮರ, ಎತ್ತಿನ ಗಾಡಿ, ತಲೆಯ ಮೇಲೆ ಹೊರೆ ಹೊತ್ತ ಹೆಂಗಸು, ಹೀಗೆ ಯಾವುದಾದರೂ ನಾಲ್ಕಾರು ಗೆರೆಗಳಲ್ಲಿ ಕಾರ್ಡಿಗೆ ಇಳಿಯುತ್ತಿತ್ತು. ಅವುಗಳಲ್ಲಿ ಎಷ್ಟೋ ಕಾರ್ಡುಗಳು ಶಿಷ್ಯರಿಗೂ ಸ್ನೇಹಿತರಿಗೂ ಅಂಚೆಯಲ್ಲಿ ಹೋಗಿ ಸೇರಿದವು. ಶಿಷ್ಯರು ಅವರನ್ನು ಕರೆಯುತ್ತಿದ್ದುದು 'ಮಾಸ್ಟರ್ ಮೊಶಾಯ್' ಎಂದು. ನಮ್ಮಲ್ಲಿ 'ಮೇಷ್ಟ್ರು' ಎನ್ನುತ್ತೇವಲ್ಲ, ಅದೇ ಮಾತು, ಅದೇ ಸಲಿಗೆ, ಅದೇ ಗೌರವ. ನಮ್ಮ ವೃತ್ತಿಯವರೊಬ್ಬರು ಹೀಗಿದ್ದರೆಂಬ ಕಾರಣಕ್ಕೇ ನನಗೆ ಅವರಲ್ಲಿ ಒಂದು ಕೈ ಹೆಚ್ಚಿನ ಅಭಿಮಾನ.

ನಂದಲಾಲರು ಹುಟ್ಟಿದ್ದು ಬಿಹಾರದ ಮುಂಗೇರ್ ಬಳಿಯ ಖರಗ್‌ಪುರದಲ್ಲಿ. ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಮೈಸೂರು ಸಂಸ್ಥಾನದಿಂದ ಹೋದ ನಮ್ಮ ಕೆ. ವೆಂಕಟಪ್ಪನವರಿಗೂ ಅವರೇ ಗುರುಗಳು. 1913ರಲ್ಲಿ ಪ್ರಕಟವಾದ, ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥದಲ್ಲಿ ಈ ಇಬ್ಬರ ಚಿತ್ರಗಳೂ ಇವೆ. ಆ ಬಳಗದವರು ಆರಿಸಿಕೊಳ್ಳುತ್ತಿದ್ದ ವಸ್ತುಗಳು ಬಹುಮಟ್ಟಿಗೆ ಪುರಾಣದವು, ಇತಿಹಾಸದವು. ನಂದಲಾಲರಿಗೆ ಮೊದಲು ಹೆಸರು ತಂದದ್ದೂ ಸತಿಯ, ಶಿವನ ಚಿತ್ರಗಳೇ. ಪರರ ಆಳ್ವಿಕೆಯಲ್ಲಿದ್ದ ಜನ ತಮ್ಮ ಹಿಂದಿನ ವೈಭವದತ್ತ ಕೈಚಾಚಿದ್ದು ಸಹಜವೇ ಸರಿ. ಆದರೆ ಅದರಲ್ಲೊಂದು ಅಪಾಯವೂ ಇತ್ತು. ಸೌಂದರ್ಯವೆಂಬುದು ಅಜಂತೆಯ ಗುಹೆಯಲ್ಲೋ ಅರಮನೆಯ ಗೋಡೆಯ ಮೇಲೋ ಇರತಕ್ಕದ್ದು, ನಮ್ಮ ಕೇರಿಯಲ್ಲಿ ಅದಕ್ಕೆ ಜಾಗವಿಲ್ಲ ಎಂಬ ಭಾವನೆ ಬೆಳೆಯಲು ಅಷ್ಟೇ ಸಾಕಾಗುತ್ತಿತ್ತು.

ರವೀಂದ್ರರು 1919ರಲ್ಲಿ ಶಾಂತಿನಿಕೇತನದಲ್ಲಿ ಕಲಾಭವನವನ್ನು ಆರಂಭಿಸಿದರು. 1922ರಿಂದ 1951ರವರೆಗೆ ನಂದಲಾಲರು ಅದರ ಮುಖ್ಯಸ್ಥರು. ಬೀರ್‌ಭೂಮ್ ಜಿಲ್ಲೆಯ ಆ ನೆಲ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುವಂಥ ನೆಲವಲ್ಲ. ಕೆಂಪು ಮಣ್ಣಿನ ಬಯಲು, ಮಳೆನೀರು ಕೊರೆದ ಕೊರಕಲುಗಳು, ಅಲ್ಲೊಂದು ಇಲ್ಲೊಂದು ತಾಳೆಮರ, ನಡುವೆ ಸಂತಾಲರ ಹಳ್ಳಿಗಳು. ನಂದಲಾಲರ ಕುಂಚ ದೇವಲೋಕದಿಂದ ಇಳಿದು ಬಂದದ್ದು ಈ ಬಯಲಿಗೆ. ಹಬ್ಬಗಳಲ್ಲಿ ಬಂಗಾಳದ ಹೆಂಗಸರು ಅಕ್ಕಿಹಿಟ್ಟನ್ನು ಕಲಸಿ ನೆಲದ ಮೇಲೆ ಬಿಡಿಸುವ ಅಲ್ಪನಾ, ಅಂದರೆ ನಮ್ಮ ರಂಗೋಲಿಯ ಒಡಹುಟ್ಟು, ಕಲಾಭವನದಲ್ಲಿ ಕಲಿಯತಕ್ಕ ವಿದ್ಯೆಯಾಯಿತು. ಅವರ ಮಗಳು ಗೌರಿ ಭಂಜ ಅದರಲ್ಲಿ ಬಹಳ ಹೆಸರು ಮಾಡಿದರು.

ಅವರ ಪಾಠದ ಕ್ರಮಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಮುಂದೆ ಚಲನಚಿತ್ರಗಳಿಂದ ಜಗತ್ತಿಗೆಲ್ಲ ಪರಿಚಿತರಾದ ಸತ್ಯಜಿತ್ ರಾಯ್ 1940ರಲ್ಲಿ ಕಲಾಭವನದ ವಿದ್ಯಾರ್ಥಿಯಾಗಿ ಸೇರಿದರು. ಮರವನ್ನು ಬರೆಯುವಾಗ ತುದಿಯಿಂದ ಕೆಳಕ್ಕೆ ಗೆರೆ ಎಳೆಯಬಾರದು, ಬುಡದಿಂದ ಮೇಲಕ್ಕೆ ಎಳೆಯಬೇಕು, ಮರ ಬೆಳೆಯುವುದು ಹಾಗೆಯೇ ಅಲ್ಲವೇ ಎಂದು ಮೇಷ್ಟರು ಹೇಳಿಕೊಟ್ಟದ್ದನ್ನು ರಾಯ್ ಬಹುಕಾಲದ ಮೇಲೂ ನೆನೆಯುತ್ತಿದ್ದರು. ಕೇಳಲು ಬಹು ಸರಳವಾದ ಮಾತು. ಆದರೆ ಹಾಗೆ ಬರೆಯಬೇಕಾದರೆ ಮೊದಲು ಮರದ ಆಕಾರವನ್ನಲ್ಲ, ಅದರ ಬೆಳವಣಿಗೆಯನ್ನು ನೋಡಿರಬೇಕು.

ಶಿಕ್ಷಣದಲ್ಲಿ ಕಲೆಯ ಸ್ಥಾನವೇನೆಂಬ ಬಗ್ಗೆ ನಂದಲಾಲರದೊಂದು ಪ್ರಬಂಧವಿದೆ. ಕಲೆ ಹಣವುಳ್ಳವರ ವಿಲಾಸವೆಂಬ ವಾದಕ್ಕೆ ಅವರು ಅಲ್ಲಿ ಕೊಡುವ ಉತ್ತರ ನನಗೆ ಬಹಳ ಹಿಡಿಸಿತು. ಬಡ ಸಂತಾಲನೊಬ್ಬನ ಮಣ್ಣಿನ ಗುಡಿಸಲನ್ನು ಅವರು ತೋರಿಸುತ್ತಾರೆ. ಸಾರಿಸಿ ಗುಡಿಸಿದ ನೆಲ, ಇದ್ದಷ್ಟೇ ಸಾಮಾನನ್ನು ಅಚ್ಚುಕಟ್ಟಾಗಿ ಇಟ್ಟ ಬಗೆ. ಅದರ ಪಕ್ಕದಲ್ಲೇ, ದೊಡ್ಡ ಕಟ್ಟಡದಲ್ಲಿ ವಾಸಿಸುವ ಓದುವ ಹುಡುಗರ ಕೋಣೆಯನ್ನು ತೋರಿಸುತ್ತಾರೆ. ಬೆಲೆಬಾಳುವ ಬಟ್ಟೆಬರೆಗಳು ಅಲ್ಲಿ ಎಲ್ಲೆಂದರಲ್ಲಿ ಬಿದ್ದಿವೆ. ಇವರಿಬ್ಬರಲ್ಲಿ ಬಡವನಾರು? (ಹಾಸ್ಟೆಲಿನಲ್ಲಿದ್ದು ಓದಿದ ನನ್ನ ಶಿಷ್ಯರು ಇಲ್ಲಿ ಸ್ವಲ್ಪ ನಕ್ಕು ಮುಂದುವರಿಯಬಹುದು.) ನಮ್ಮ ಶಾಲೆಗಳಲ್ಲಿ ಪಾಠ ಮುಗಿಯದೆ ಹೋದಾಗ ಮೊದಲು ಬಲಿಯಾಗುತ್ತಿದ್ದುದು ಚಿತ್ರಕಲೆಯ ಪಿರಿಯಡ್ಡು. ಕಣ್ಣನ್ನು ತಿದ್ದದೆ ತಲೆಯನ್ನು ಮಾತ್ರ ತುಂಬಿದರೆ ಆ ಹುಡುಗರ ಕೋಣೆಯೇ ಫಲವೆಂಬುದು ನಂದಲಾಲರ ಅಭಿಪ್ರಾಯ, ನನ್ನದೂ ಅದೇ.

ಈ ವಿಚಾರಕ್ಕೆ ಒಂದು ದೊಡ್ಡ ಪರೀಕ್ಷೆ ಒದಗಿದ್ದು ಗಾಂಧೀಜಿಯವರಿಂದ. 1936ರ ಕೊನೆಯಲ್ಲಿ ಖಾನ್‌ದೇಶದ ಫೈಜ್‌ಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ನಗರವನ್ನು ಬಿಟ್ಟು ಹಳ್ಳಿಯಲ್ಲಿ ಸೇರಿದ ಮೊದಲ ಅಧಿವೇಶನವದು. ಅದರ ಅಲಂಕಾರ ನಂದಲಾಲರ ಪಾಲಿಗೆ ಬಂತು. ಬಿದಿರು ಮುಂತಾಗಿ ಹಳ್ಳಿಗಾಡಿನಲ್ಲಿ ದೊರೆಯುವ ಸಾಮಗ್ರಿಗಳಲ್ಲೇ ಅದನ್ನು ಮಾಡಿ ಮುಗಿಸಿದರು. ಎರಡನೆಯದು 1938ರ ಫೆಬ್ರವರಿಯಲ್ಲಿ ಗುಜರಾತಿನ ಹರಿಪುರದಲ್ಲಿ, ಸುಭಾಷ್‌ಚಂದ್ರ ಬೋಸರ ಅಧ್ಯಕ್ಷತೆಯಲ್ಲಿ. ಅದಕ್ಕಾಗಿ ನಂದಲಾಲರು ಎಂಬತ್ತಕ್ಕೂ ಹೆಚ್ಚು ಚಿತ್ರಗಳನ್ನು ಬರೆದರು. ಶಿಷ್ಯರು ಅವುಗಳ ಪ್ರತಿಗಳನ್ನು ಮಾಡಿದ ಮೇಲೆ ಒಟ್ಟು ಸಂಖ್ಯೆ ಸುಮಾರು 400 ಆಯಿತು. ಕೈಕಾಗದದ ಮೇಲೆ, ದಪ್ಪ ಕುಂಚದಿಂದ, ಬಂಗಾಳದ ಪಟ ಬರೆಯುವವರ ವೇಗದಲ್ಲಿ ಮೂಡಿದ ಚಿತ್ರಗಳು ಅವು.

ಆ ಚಿತ್ರಗಳಲ್ಲಿ ಯಾರಿದ್ದರೆಂಬುದೇ ಮುಖ್ಯ. ಚಮ್ಮಾರ, ಬಡಗಿ, ದರ್ಜಿ, ಡೋಲು ಬಾರಿಸುವವ, ಕುಸ್ತಿಯವ, ನೂಲುವ ಹೆಂಗಸು, ಎತ್ತು. ಪ್ರತಿಯೊಬ್ಬರೂ ಒಂದು ಕಮಾನಿನೊಳಗೆ, ನಾವು ದೇವರ ಪ್ರಭಾವಳಿಯನ್ನು ಎಲ್ಲಿ ಕಾಣುತ್ತೇವೋ ಅಲ್ಲಿ, ತಮ್ಮ ಕೆಲಸದಲ್ಲಿ ಮಗ್ನರಾಗಿದ್ದಾರೆ. ಯಾರ ಮುಖದಲ್ಲೂ ಕರುಣೆ ಬೇಡುವ ಭಾವವಿಲ್ಲ. ಬಡವರನ್ನು ಚಿತ್ರಿಸುವ ಕಲಾವಿದರು ಎರಡು ಹಳ್ಳಗಳಲ್ಲಿ ಬೀಳುವುದುಂಟು: ಒಂದು ಕಣ್ಣೀರು, ಇನ್ನೊಂದು ಜಯಕಾರ. ನಂದಲಾಲರು ಎರಡರಲ್ಲೂ ಬೀಳಲಿಲ್ಲ. ಅಧಿವೇಶನಕ್ಕೆ ಬಂದ ರೈತನು ಪಂಡಿತರ ವಿವರಣೆಯಿಲ್ಲದೆ ತನ್ನನ್ನೂ ತನ್ನ ಎತ್ತನ್ನೂ ಅಲ್ಲಿ ಗುರುತಿಸಬಹುದಾಗಿತ್ತು. ಸ್ವರಾಜ್ಯ ಯಾರದೆಂಬ ಪ್ರಶ್ನೆಯನ್ನು ವೇದಿಕೆಯ ಮೇಲೆ ನಾಯಕರು ಚರ್ಚಿಸುತ್ತಿದ್ದಾಗ, ಹೊರಗೆ ತೂಗುಹಾಕಿದ ಕಾಗದಗಳು ತಮ್ಮ ಉತ್ತರವನ್ನು ಹೇಳಿಯೇ ಬಿಟ್ಟಿದ್ದವು ಎಂದು ನನಗೆ ಅನ್ನಿಸುತ್ತದೆ.

ಹನ್ನೆರಡು ವರ್ಷಗಳ ತರುವಾಯ ಸಂವಿಧಾನದ ಮೂಲ ಪ್ರತಿಯನ್ನು ಅಲಂಕರಿಸುವ ಹೊಣೆಯನ್ನು ನಂದಲಾಲರೂ ಅವರ ಶಿಷ್ಯರೂ ಹೊತ್ತರು. ಅದರಲ್ಲಿ ರಾಮನಿದ್ದಾನೆ, ಬುದ್ಧನಿದ್ದಾನೆ, ಅಕ್ಬರನಿದ್ದಾನೆ, ಗಾಂಧೀಜಿಯಿದ್ದಾರೆ. ಆದರೆ ಮೊದಲ ಚಿತ್ರ ಸಿಂಧೂ ಕಣಿವೆಯ ಮುದ್ರೆಯ ಗೂಳಿ. ಕೊನೆಗೆ ಬಂದಾಗ ದೊರೆಗಳೂ ಮಹಾಪುರುಷರೂ ಹಿಂದೆ ಸರಿದು ಹಿಮಾಲಯ, ಮರುಭೂಮಿ, ಸಮುದ್ರ ಇಷ್ಟೇ ಉಳಿಯುತ್ತವೆ.

ಅವರ ಶಿಷ್ಯರಲ್ಲಿ ಬಿನೋದ್ ಬಿಹಾರಿ ಮುಖರ್ಜಿಯವರ ವಿಷಯವನ್ನು ಹೇಳದೆ ಮುಗಿಸಲಾರೆ. ಹುಟ್ಟಿನಿಂದಲೇ ದೃಷ್ಟಿ ಬಹಳ ಮಂದವಾಗಿದ್ದ ಈ ಹುಡುಗ ಚಿತ್ರಕಲೆ ಕಲಿಯಲು ಬಂದು ಸೇರಿದ. 1940ರಲ್ಲಿ ಕಲಾಭವನದ ವಿದ್ಯಾರ್ಥಿನಿಲಯದ ಚಾವಣಿಯ ತುಂಬ ಬೀರ್‌ಭೂಮಿನ ಹಳ್ಳಿ, ಕೊಳ, ಮರ, ದನಗಳನ್ನು ಬರೆದರು. 1950ರ ದಶಕದ ನಡುವೆ, ಒಂದು ಶಸ್ತ್ರಚಿಕಿತ್ಸೆಯ ಬಳಿಕ, ದೃಷ್ಟಿ ಪೂರ್ತಿ ಹೋಯಿತು. ಆಮೇಲೂ ಅವರು ಕಾಗದ ಕತ್ತರಿಸಿ ಅಂಟಿಸಿದರು, ಬೆರಳಿನ ಸ್ಪರ್ಶದಿಂದಲೇ ಗೋಡೆಗೆ ಹೆಂಚಿನ ಚಿತ್ರ ರಚಿಸಿದರು. ಅವರನ್ನು ಕುರಿತು ಸತ್ಯಜಿತ್ ರಾಯ್ 1972ರಲ್ಲಿ ತೆಗೆದ ಸಾಕ್ಷ್ಯಚಿತ್ರ ಸುಮಾರು ಇಪ್ಪತ್ತು ನಿಮಿಷದ್ದು. ಬಿಡುವಾದಾಗ ಮಕ್ಕಳನ್ನು ಕೂರಿಸಿಕೊಂಡು ನೋಡಿ. ದೆಹಲಿಗೆ ಹೋಗುವವರು ಜೈಪುರ ಹೌಸ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯನ್ನು ವಿಚಾರಿಸಿ. ಹರಿಪುರದ ಚಿತ್ರಗಳಲ್ಲಿ ಹಲವು ಅದರ ಸಂಗ್ರಹದಲ್ಲಿವೆ.