ಸಾಮಂತದಶೆಯಲ್ಲಿ ಆಹವಮಲ್ಲ ತೈಲಪ

ಅರಸರ ಚರಿತ್ರೆಯನ್ನು ಪಟ್ಟಾಭಿಷೇಕದಿಂದ ಆರಂಭಿಸುವುದು ವಾಡಿಕೆಯಾಗಿದೆ. ಅಭಿಷೇಕಕ್ಕೆ ಪೂರ್ವದಲ್ಲಿ ಆ ಪುರುಷನು ಎಲ್ಲಿದ್ದನು, ಯಾರ ಸೇವೆಯಲ್ಲಿದ್ದನು, ಯಾವ ಬಲದಿಂದ ಮೇಲಕ್ಕೆ ಬಂದನು ಎಂಬ ವಿಚಾರವು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿಯೇ ಮುಗಿದುಹೋಗುತ್ತದೆ. ಕಲ್ಯಾಣದ ಚಾಲುಕ್ಯರ ಮೂಲಪುರುಷನಾದ ಇಮ್ಮಡಿ ತೈಲಪನ ವಿಷಯದಲ್ಲಿ ಈ ವಾಡಿಕೆಯಿಂದ ಹೆಚ್ಚಿನ ಹಾನಿಯಾಗಿದೆ. ಕ್ರಿ.ಶ. 973ರಲ್ಲಿ ಆತನು ರಾಷ್ಟ್ರಕೂಟರ ಸಿಂಹಾಸನವನ್ನು ಕೈವಶಮಾಡಿಕೊಂಡನೆಂಬುದು ಸರ್ವವಿದಿತವಾಗಿದೆ. ಅದಕ್ಕೆ ಮುಂಚಿನ ಹದಿನಾರು ವರ್ಷಗಳ ಸೇವಕಜೀವನವಾದರೋ ಗ್ರಂಥಗಳ ಅಂಚಿನಲ್ಲಿಯೇ ಉಳಿದಿದೆ. ಆ ಅವಧಿಯನ್ನು ಪರಾಮರ್ಶಿಸಿದಲ್ಲದೆ ಆತನ ಅಭ್ಯುದಯದ ಸ್ವರೂಪವು ತಿಳಿಯದು.

ಈ ವೃತ್ತಾಂತದ ರಂಗಸ್ಥಳವು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕು. ಕಾಗಿಣಾ ನದಿಯ ದಡದ ಮಳಖೇಡವೇ ಪ್ರಾಚೀನ ಮಾನ್ಯಖೇಟವು. ಇದೇ ತಾಲ್ಲೂಕಿನಲ್ಲಿ ಮುಧೋಳವೆಂಬ ಊರೊಂದುಂಟು. ತೈಲಪನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ರನ್ನನ ಜನ್ಮಸ್ಥಳವಾದ ಮುದುವೊಳಲು ಬಾಗಲಕೋಟೆ ಜಿಲ್ಲೆಯ ಮುಧೋಳವಾಗಿರುವುದರಿಂದ, ಹೆಸರಿನ ಸಾಮ್ಯವನ್ನು ನೋಡಿ ಎರಡನ್ನೂ ಒಂದೆಂದು ಭ್ರಮಿಸಬಾರದು. ಕವಿಯ ಊರು ದೂರದ್ದು. ಆತನ ಪ್ರಭುವು ಅಧಿಕಾರವನ್ನು ಪಡೆದ ರಾಜಧಾನಿಯಾದರೋ ಈ ಸೇಡಂ ಸೀಮೆಯದು.

ತೈಲಪನ ಕುಲಸಂಬಂಧವನ್ನು ಮೊದಲು ನೋಡತಕ್ಕದ್ದು. ಆತನ ಮೊಮ್ಮಗನಾದ ಐದನೆಯ ವಿಕ್ರಮಾದಿತ್ಯನ ಕೌಠೇಂ ತಾಮ್ರಪಟವು ಕ್ರಿ.ಶ. 1009ರ ಸುಮಾರಿನದು. ಅದರ ಪ್ರಕಾರ ತೈಲಪನ ತಂದೆ ನಾಲ್ಕನೆಯ ವಿಕ್ರಮಾದಿತ್ಯ. ತಾಯಿ ಚೇದಿರಾಜನಾದ ಲಕ್ಷ್ಮಣನ ಮಗಳು ಬೊಂಥಾದೇವಿ. ಪಿತಾಮಹನಾದ ಅಯ್ಯಣನು ಕೃಷ್ಣನೆಂಬ ರಾಷ್ಟ್ರಕೂಟ ರಾಜನ ಮಗಳನ್ನು ವರಿಸಿದ್ದನು. ತೈಲಪನು ತಾನೂ ಭಮ್ಮಹನೆಂಬ ರಟ್ಟನ ಮಗಳಾದ ಜಾಕವ್ವೆಯನ್ನು ಮದುವೆಯಾದನು. ಸತ್ಯಾಶ್ರಯ, ದಶವರ್ಮ ಎಂಬವರು ಇವರ ಮಕ್ಕಳು. ಹೀಗೆ ತಂದೆಯನ್ನು ಹೆತ್ತ ಅಜ್ಜಿಯೂ ಕೈಹಿಡಿದ ಹೆಂಡತಿಯೂ ರಾಷ್ಟ್ರಕೂಟ ಕುಲದವರು. ತಾಯಿಯ ತವರಾದ ಚೇದಿಕುಲವೇ ಮುಮ್ಮಡಿ ಕೃಷ್ಣನ ತಾಯಿಯ ತವರೂ ಆಗಿತ್ತು. ಆದುದರಿಂದ ತೈಲಪನನ್ನು ಮಾನ್ಯಖೇಟದ ಹೊರಗಿನವನೆಂದು ಎಣಿಸುವುದಕ್ಕಾಗದು. ಆತನು ಆ ಮನೆತನದ ನೆಂಟನಾಗಿದ್ದನು; ಆ ಮನೆಯ ಬಲಾಬಲಗಳನ್ನು ಒಳಗಿನಿಂದ ಬಲ್ಲ ಸ್ಥಾನದಲ್ಲಿದ್ದನು.

ಆ ಕಾಲದ ರಾಷ್ಟ್ರಕೂಟ ರಾಜ್ಯದಲ್ಲಿ ಸಾಮಂತರ ಸ್ಥಿತಿಯು ಹೇಗಿತ್ತೆಂಬುದಕ್ಕೆ ಕನ್ನಡದ ಆದಿಕವಿಯೇ ಸಾಕ್ಷಿಯಾಗಿದ್ದಾನೆ. ಕ್ರಿ.ಶ. 941ರಲ್ಲಿ ರಚಿತವಾದ ವಿಕ್ರಮಾರ್ಜುನವಿಜಯದಲ್ಲಿ ಪಂಪನು ತನ್ನ ಪ್ರಭುವಾದ ವೇಮುಲವಾಡದ ಅರಿಕೇಸರಿಯ ಪರಾಕ್ರಮವನ್ನು ವರ್ಣಿಸುತ್ತ, ಅವನು ಗೊಜ್ಜಿಗನೆಂಬ ಚಕ್ರವರ್ತಿಯನ್ನು ತೊಲಗಿಸಿ ಬದ್ದೆಗದೇವನಿಗೆ ಸಾಮ್ರಾಜ್ಯವನ್ನು ಒಪ್ಪಿಸಿದ ಸಂಗತಿಯನ್ನು ಹೇಳಿದ್ದಾನೆ. ಗೊಜ್ಜಿಗನೆಂದರೆ ನಾಲ್ಕನೆಯ ಗೋವಿಂದ. ಬದ್ದೆಗನೆಂದರೆ ಮುಮ್ಮಡಿ ಅಮೋಘವರ್ಷ, ಮುಮ್ಮಡಿ ಕೃಷ್ಣನ ತಂದೆ. ಅರಿಕೇಸರಿಯೂ ಚಾಲುಕ್ಯ ಶಾಖೆಯವನೇ, ರಾಷ್ಟ್ರಕೂಟರ ಸಾಮಂತನೇ. ಈ ಸಂಗತಿಯು ಕ್ರಿ.ಶ. 936ರ ಸುಮಾರಿನದು. ಅರಿಕೇಸರಿಯು ಚಕ್ರವರ್ತಿಯನ್ನು ಬದಲಾಯಿಸಿದನೇ ಹೊರತು ವಂಶವನ್ನು ಬದಲಾಯಿಸಲಿಲ್ಲ. ಆದರೆ ಸಾಮಂತನ ಖಡ್ಗವು ಮಾನ್ಯಖೇಟದ ಸಿಂಹಾಸನದಲ್ಲಿ ಯಾರು ಕುಳಿತುಕೊಳ್ಳಬೇಕೆಂಬುದನ್ನು ನಿರ್ಣಯಿಸಬಲ್ಲದೆಂಬುದು ಅಂದಿನಿಂದ ಲೋಕಕ್ಕೆ ಪ್ರಕಟವಾಯಿತು.

ಮುಮ್ಮಡಿ ಕೃಷ್ಣನು (ಕ್ರಿ.ಶ. 939–967) ಸಾಮಂತರನ್ನು ದಾನಮಾನಗಳಿಂದ ಕಟ್ಟಿಹಾಕಿದನು. 949ರ ತಕ್ಕೋಲದ ಯುದ್ಧದಲ್ಲಿ ಚೋಳರಾಜಕುಮಾರನಾದ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ಬನವಾಸಿ ಮೊದಲಾದ ನಾಡುಗಳನ್ನು ಕೊಟ್ಟುದು ಆತಕೂರಿನ ಶಾಸನದಿಂದ ತಿಳಿದಿದೆ. ಮೇಲ್ಪಾಟಿಯಲ್ಲಿ ಬೀಡುಬಿಟ್ಟು ದಕ್ಷಿಣದ ಮಂಡಲಗಳನ್ನು ತನ್ನ ಭೃತ್ಯರಿಗೆ ಹಂಚಿಕೊಡುತ್ತಿದ್ದನೆಂದು 959ರ ಕರ್ಹಾಡದ ತಾಮ್ರಪಟವು ಹೇಳುತ್ತದೆ. ದೊರೆಯು ಗೆಲ್ಲುವವರೆಗೂ, ಹಂಚುವುದಕ್ಕೆ ಹೊಸ ನಾಡುಗಳು ದೊರೆಯುವವರೆಗೂ ಈ ವ್ಯವಸ್ಥೆಗೆ ಕುಂದಿಲ್ಲ. ಕೊಡುವ ಕೈ ಕುಗ್ಗಿದಾಗ ಪಡೆದವರ ಕೈಯಲ್ಲಿ ನಾಡೂ ದಂಡೂ ಉಳಿಯುತ್ತವೆ ಎಂಬುದೇ ಇದರ ದೋಷ.

ತೈಲಪನ ಪೂರ್ವಜೀವನವು ಈ ವ್ಯವಸ್ಥೆಯೊಳಗೇ ಬೆಳೆಯಿತು. ಕ್ರಿ.ಶ. 957ರ ಶಾಸನದಲ್ಲಿ ಆತನು ಕೃಷ್ಣನ ಕೈಕೆಳಗಿನ ಅಧಿಕಾರಿಯಾಗಿ ಕಾಣಿಸಿಕೊಳ್ಳುತ್ತಾನೆ; ಅಲ್ಲಿ ಆತನಿಗೆ ಇಂಥ ನಾಡೆಂಬ ನಿರ್ದೇಶವಿಲ್ಲ. ಎಂಟು ವರ್ಷಗಳ ತರುವಾಯ, 965ರಲ್ಲಿ, ವಿಜಯಪುರ ಜಿಲ್ಲೆಯ ನರಸಲಗಿಯ ಶಾಸನದಲ್ಲಿ ಆತನು ಸತ್ಯಾಶ್ರಯಕುಲದ ಮಹಾಸಾಮಂತಾಧಿಪತಿ ಆಹವಮಲ್ಲ ತೈಲಪರಸನಾಗಿದ್ದಾನೆ. ತರ್ದವಾಡಿ ಸಾಸಿರವನ್ನು ಅಣುಗಜೀವಿತವಾಗಿ ಪಡೆದು ಆಳುತ್ತಿದ್ದಾನೆ. ಈ ತರ್ದವಾಡಿಯು ಇಂಡಿ ತಾಲ್ಲೂಕಿನಲ್ಲಿ ಭೀಮಾನದಿಯ ಬಳಿಯ ತದ್ದೇವಾಡಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಮಾನ್ಯಖೇಟದ ಕಾಗಿಣೆಯು ಕೂಡುವುದೂ ಅದೇ ಭೀಮೆಯನ್ನೇ. ಅಂದರೆ ತೈಲಪನಿಗೆ ದೊರೆತುದು ದೂರದ ಗಡಿನಾಡಲ್ಲ. ರಾಜಧಾನಿಯಿಂದ ಬಹುದೂರವಲ್ಲದ ನದೀತೀರದ ಸೀಮೆ.

ಅಣುಗಜೀವಿತವೆಂಬ ಪದದ ಮೇಲೆ ಇಲ್ಲಿ ಗಮನವಿಡತಕ್ಕದ್ದು. ಹಳಗನ್ನಡದಲ್ಲಿ ಅಣುಗನೆಂದರೆ ಪ್ರೀತಿಪಾತ್ರನು, ಮಗನು ಎಂಬ ಅರ್ಥಗಳುಂಟು. ಜೀವಿತವೆಂದರೆ ಜೀವನಕ್ಕಾಗಿ ಬಿಟ್ಟುಕೊಟ್ಟ ವೃತ್ತಿಭೂಮಿ. ಆದುದರಿಂದ ಅಣುಗಜೀವಿತವು ಒಡೆಯನು ತನ್ನ ಮೆಚ್ಚಿನವನಿಗೆ ಕೊಟ್ಟ ನಾಡಾಗುತ್ತದೆ. ವಂಶಪಾರಂಪರ್ಯವಾಗಿ ಬಂದ ಭೂಮಿಗಾಗಲಿ ಬಲಾತ್ಕಾರದಿಂದ ಪಡೆದ ಭೂಮಿಗಾಗಲಿ ಈ ಹೆಸರು ಸಲ್ಲದು. ಆಹವಮಲ್ಲನೆಂಬ ಬಿರುದು ಕೂಡ ಸಿಂಹಾಸನವನ್ನೇರಿದ ಮೇಲೆ ಧರಿಸಿದುದಲ್ಲವೆಂಬುದು ಇದೇ ಶಾಸನದಿಂದ ಸಿದ್ಧವಾಗುತ್ತದೆ. ಸೇವಕನಾಗಿರುವಾಗಲೇ ಆತನು ಯುದ್ಧಮಲ್ಲನೆಂದು ಹೆಸರಾಗಿದ್ದನು. ಒಡೆಯನೂ ಆ ಹೆಸರನ್ನು ಸಹಿಸಿದ್ದನು.

ಅದೇ 965ರಲ್ಲಿ ಮಾನ್ಯಖೇಟದಲ್ಲಿ ಪುಷ್ಪದಂತನು, ಕೃಷ್ಣನ ಮಂತ್ರಿಯಾದ ಭರತನ ಆಶ್ರಯದಲ್ಲಿ, ಅಪಭ್ರಂಶಭಾಷೆಯ ಮಹಾಪುರಾಣವನ್ನು ಮುಗಿಸಿದನು. ಆಗ ಆ ನಗರವು ಐಶ್ವರ್ಯದ ಶಿಖರದಲ್ಲಿತ್ತು. ಏಳು ವರ್ಷಗಳಲ್ಲಿ ಎಲ್ಲವೂ ವಿಪರ್ಯಾಸವಾಯಿತು. 967ರಲ್ಲಿ ಕೃಷ್ಣನ ತಮ್ಮನಾದ ಖೊಟ್ಟಿಗನು ಪಟ್ಟಕ್ಕೆ ಬಂದನು. 972ರಲ್ಲಿ ಮಾಳವದ ಪರಮಾರ ಸೀಯಕನು ನರ್ಮದೆಯನ್ನು ದಾಟಿ ಬಂದು ಮಾನ್ಯಖೇಟವನ್ನು ಸೂರೆಮಾಡಿದನು. ಧನಪಾಲನು ತನ್ನ ಪ್ರಾಕೃತಕೋಶವನ್ನು ರಚಿಸಿದ ಕಾಲವನ್ನು ಹೇಳುವಾಗ, ವಿಕ್ರಮಸಂವತ್ಸರ 1029ರಲ್ಲಿ ಆದ ಈ ಸೂರೆಯನ್ನೇ ಗುರುತಾಗಿ ಇಟ್ಟಿದ್ದಾನೆ. ಪುಷ್ಪದಂತನ ಕಾವ್ಯದಲ್ಲಿ ಸೇರಿರುವ ಶ್ಲೋಕವೊಂದು ಸುಟ್ಟ ನಗರಕ್ಕಾಗಿ ಮರುಗುತ್ತದೆ. ಶತ್ರುವು ಹಿಂದಿರುಗಿದ ಮೇಲೆ ಇಮ್ಮಡಿ ಕರ್ಕನು ಒಂದು ವರ್ಷದಷ್ಟು ಕಾಲ ಆಳಿದನು. ಮರುವರ್ಷವೇ ತೈಲಪನು ಆತನನ್ನು ಪದಚ್ಯುತನನ್ನಾಗಿ ಮಾಡಿದನು. ಶ್ರೀಮುಖ ಸಂವತ್ಸರದಿಂದ ತೈಲಪನ ರಾಜ್ಯಾರಂಭವೆಂದೂ ಇಪ್ಪತ್ತನಾಲ್ಕು ವರ್ಷ ಆಳಿದನೆಂದೂ ಗದಗಿನ ಶಾಸನವು ತಿಳಿಸುತ್ತದೆ.

ಇಲ್ಲಿ ಎರಡು ಪಕ್ಷಗಳು ಏಳುತ್ತವೆ. ತೈಲಪನು ಸ್ವಾಮಿದ್ರೋಹಿ, ಅನ್ನವಿಕ್ಕಿದ ಮನೆಯನ್ನೇ ಮುರಿದವನು ಎಂಬುದು ಒಂದು. ದಂತಿದುರ್ಗನು ಕ್ರಿ.ಶ. 753ರ ಸುಮಾರಿನಲ್ಲಿ ಬಾದಾಮಿಯ ಕೀರ್ತಿವರ್ಮನಿಂದ ಅಪಹರಿಸಿದ ರಾಜ್ಯಶ್ರೀಯನ್ನು ಮರಳಿ ತಂದುಕೊಂಡ ನ್ಯಾಯವಾದ ಉತ್ತರಾಧಿಕಾರಿಯೆಂಬುದು ಮತ್ತೊಂದು. ಎರಡನೆಯ ಪಕ್ಷಕ್ಕೆ ಕೌಠೇಂ ತಾಮ್ರಪಟವು ಆಧಾರ. ಕೀರ್ತಿವರ್ಮನ ಕಾಲದಲ್ಲಿ ಚಾಲುಕ್ಯರ ರಾಜ್ಯಲಕ್ಷ್ಮಿಗೆ ವಿಘ್ನವುಂಟಾಯಿತೆಂದೂ ತೈಲಪನು ರಟ್ಟರನ್ನು ಕಿತ್ತು ಅದನ್ನು ಮರಳಿ ಪಡೆದನೆಂದೂ ಅದರ ಅಭಿಪ್ರಾಯ. ಈ ವಂಶಾವಳಿಯನ್ನು ರಾಮಕೃಷ್ಣ ಗೋಪಾಲ ಭಾಂಡಾರಕರರು ಸಂಶಯಿಸಿದರು. ಬಾದಾಮಿಯವರ ಮಾನವ್ಯಗೋತ್ರ, ಹಾರೀತಿಪುತ್ರ ಎಂಬ ವಿಶೇಷಣಗಳು ಈ ಶಾಖೆಯಲ್ಲಿ ಕಾಣದಿರುವುದು ಅವರ ಸಂಶಯಕ್ಕೆ ಕಾರಣ.

ವಂಶಾವಳಿಯು ನಿಜವೇ ಆಗಿರಲಿ. ಆದರೂ ಆ ತಾಮ್ರಪಟವು ಹುಟ್ಟಿದುದು ತೈಲಪನ ಅಭಿಷೇಕವಾಗಿ ಮೂವತ್ತಾರು ವರ್ಷಗಳು ಕಳೆದ ಮೇಲೆ, ಮೊಮ್ಮಗನ ಆಸ್ಥಾನದಲ್ಲಿ. ಅಲ್ಲಿ ಕಾಣುವ ತೈಲಪನು ಸಿಂಹಾಸನದ ಬೆಳಕಿನಲ್ಲಿ ಹಿಂದಿರುಗಿ ನೋಡಿದ ತೈಲಪನು. 965ರ ಶಾಸನದಲ್ಲಿ ಸತ್ಯಾಶ್ರಯಕುಲದ ಸ್ಮರಣೆಯುಂಟು. ಆದರೆ ಆ ಕುಲಾಭಿಮಾನವು ರಾಷ್ಟ್ರಕೂಟರ ಸೇವೆಗೆ ವಿರೋಧವಾಗಿ ನಿಂತಿಲ್ಲ. ಎರಡೂ ಒಂದೇ ಶಾಸನದಲ್ಲಿ ಕೂಡಿಕೊಂಡಿವೆ. ಕುಲದ ಹೆಸರು ಸಾಮಂತನ ಗೌರವಕ್ಕೆ ಒಡವೆಯಾಗಿತ್ತು. ಅದು ರಾಜ್ಯದ ಹಕ್ಕಾಗಿ ಪರಿಣಮಿಸಿದುದು 973ರ ತರುವಾಯ. ಹೀಗಾಗಿ ಪೂರ್ವಕಾಲದ ಸೇವೆಯನ್ನು ಕಪಟವೆಂದು ಹೇಳುವುದಕ್ಕೂ ಆಧಾರವಿಲ್ಲ, ಇನ್ನೂರ ಇಪ್ಪತ್ತು ವರ್ಷಗಳಿಂದ ಕಾದಿದ್ದ ಹಗೆಯೆಂದು ಹೇಳುವುದಕ್ಕೂ ಆಧಾರವಿಲ್ಲ.

ದ್ರೋಹಪಕ್ಷಕ್ಕೆ ಒಂದು ಬಲವುಂಟೆಂಬುದನ್ನು ಒಪ್ಪಬೇಕು. ಅದೇ ಕೃಷ್ಣನ ಮತ್ತೊಬ್ಬ ಸಾಮಂತನಾದ ಗಂಗ ಮಾರಸಿಂಹನು ಬೇರೆ ದಾರಿಯನ್ನು ಹಿಡಿದನು. ಕೃಷ್ಣನ ಮೊಮ್ಮಗನೂ ತನ್ನ ಸೋದರಳಿಯನೂ ಆದ ಇಂದ್ರನಿಗೆ ಪಟ್ಟವನ್ನು ಕಟ್ಟಿ ರಾಷ್ಟ್ರಕೂಟ ಕುಲವನ್ನು ಉಳಿಸಲು ಯತ್ನಿಸಿದನು. ಅದು ಫಲಿಸದೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟನು. ಇಂದ್ರನೂ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತದಿಂದ ಮುಡಿದನು. ಒಂದೇ ಒಡೆಯನ ಅನ್ನವನ್ನುಂಡ ಇಬ್ಬರಲ್ಲಿ ಒಬ್ಬನು ಆ ಮನೆಗಾಗಿ ಕಾದಿದನು, ಇನ್ನೊಬ್ಬನು ಆ ಮನೆಯ ಆಸನವನ್ನೇರಿದನು. ಮಾರಸಿಂಹನ ನಿಷ್ಠೆಯನ್ನು ನೋಡಿದವರಿಗೆ ತೈಲಪನ ನಡತೆಯು ಅನಿವಾರ್ಯವಾಗಿತ್ತೆಂದು ತೋರಲಾರದು.

ಆದರೆ ತೈಲಪನು ಏರಿದ ಮೇಲೆ ಮಾಡಿದುದೇನೆಂಬುದನ್ನು ನೋಡಿದರೆ, ಸೇವಕದಶೆಯ ಶಿಕ್ಷಣವು ವ್ಯರ್ಥವಾಗಲಿಲ್ಲವೆಂಬುದು ತಿಳಿಯುತ್ತದೆ. ಸೂರೆಯಾಗಿದ್ದ ಮಾನ್ಯಖೇಟವನ್ನು ಆತನು ತೊರೆಯಲಿಲ್ಲ. ಅಲ್ಲಿಂದಲೇ ಆಳಿದನೆಂಬುದು ವಿದ್ವಾಂಸರ ಸಾಮಾನ್ಯಮತ. ಕಲ್ಯಾಣವು ಪ್ರಧಾನ ರಾಜಧಾನಿಯಾದುದು ಮುಂದೆ ಒಂದನೆಯ ಸೋಮೇಶ್ವರನ ಕಾಲದಲ್ಲಿ. ಮುಮ್ಮಡಿ ಕೃಷ್ಣನು ಪೊನ್ನನಿಗೆ ಉಭಯಕವಿಚಕ್ರವರ್ತಿಯೆಂಬ ಬಿರುದನ್ನು ಕೊಟ್ಟಿದ್ದನು. ಅದೇ ಪದ್ಧತಿಯಲ್ಲಿ ತೈಲಪನು ರನ್ನನನ್ನು ಕವಿಚಕ್ರವರ್ತಿಯೆಂದು ಮನ್ನಿಸಿದನು. ತೈಲಪನ ಸೇನಾನಿಗಳ ಮನೆತನದ ಅತ್ತಿಮಬ್ಬೆಯ ಪ್ರೇರಣೆಯಿಂದ 993ರಲ್ಲಿ ಅಜಿತಪುರಾಣವು ಮುಗಿಯಿತು. ಗಂಗರು, ಪರಮಾರರು, ಚೋಳರು ಎಂಬ ಹಳೆಯ ಒಡೆಯನ ಎದುರಾಳಿಗಳೂ ಮಿತ್ರರೂ ಯಾರಾರೋ ಅವರೇ ಈತನ ರಾಜ್ಯನೀತಿಗೂ ವಿಷಯವಾದರು. ವಂಶವು ಬದಲಾದರೂ ಆಸ್ಥಾನದ ಸಂಪ್ರದಾಯವು ಮುರಿಯಲಿಲ್ಲ. ಏಕೆಂದರೆ ಹೊಸ ಒಡೆಯನು ಆ ಸಂಪ್ರದಾಯದಲ್ಲಿಯೇ ಬೆಳೆದವನು.

ಈ ಪರಾಮರ್ಶೆಯಿಂದ ತೇಲುವ ನಿರ್ಣಯವಿಷ್ಟು: ತೈಲಪನ ಶಕ್ತಿಯು ಪೂರ್ವಜರ ನೆನಪಿನಿಂದ ಬಂದುದಕ್ಕಿಂತ ಹೆಚ್ಚಾಗಿ ಒಡೆಯನ ವಿಶ್ವಾಸದಿಂದ ಬಂದಿತು. ಮೆಚ್ಚಿ ಕೊಟ್ಟ ತರ್ದವಾಡಿ ಸಾಸಿರವೇ, ಕೊಟ್ಟವನ ಮನೆಯು ಶಿಥಿಲವಾದಾಗ, ಅದನ್ನು ಕೆಡಹುವ ಸಾಧನವಾಯಿತು. ರನ್ನನ ಕಾವ್ಯಗಳನ್ನು ಪಾಠಹೇಳುವವರು ತೈಲಪನನ್ನು ಹುಟ್ಟುಚಕ್ರವರ್ತಿಯೆಂದು ಪರಿಚಯಿಸುವುದಕ್ಕೆ ಮೊದಲು ನರಸಲಗಿಯ ಶಾಸನದ ಮಹಾಸಾಮಂತನನ್ನು ನೆನೆಯುವುದು ಯುಕ್ತ. ಪ್ರಶಸ್ತಿಗಳಲ್ಲಿ ಬರುವ ಪ್ರತಿಯೊಂದು ವಿಶೇಷಣಕ್ಕೂ ಅದು ಯಾವ ವರ್ಷದಲ್ಲಿ, ಯಾರ ಆಸ್ಥಾನದಲ್ಲಿ ಬರೆಯಲ್ಪಟ್ಟಿತೆಂದು ಕೇಳಿದರೆ, ಅರಸರಾಗುವುದಕ್ಕೆ ಮುಂಚಿನ ಅರಸರು ಇನ್ನೂ ಅನೇಕರು ಗೋಚರವಾದಾರು.